ಬ್ರೌನ್ ಉಪನಾಮದ ಮೇಯರ್‌ಗಳು

ಬ್ರೌನ್ ಎಂಬುದು ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಉಪನಾಮಗಳಲ್ಲಿ ಒಂದು. 1996ರಿಂದ 2024ರವರೆಗಿನ ಅವಧಿಯಲ್ಲಿ ಅಮೇರಿಕ ಸಂಯುಕ್ತ ಸಂಸ್ಥಾನದ ಹಲವು ನಗರಗಳಿಗೆ ಈ ಉಪನಾಮದ ವ್ಯಕ್ತಿಗಳು ಮೇಯರ್‌ಗಳಾಗಿ ಆಯ್ಕೆಯಾದರು. ಸ್ಯಾನ್ ಫ್ರಾನ್ಸಿಸ್ಕೊದ ವಿಲ್ಲಿ ಬ್ರೌನ್, ಹ್ಯೂಸ್ಟನ್‌ನ ಲೀ ಪಿ. ಬ್ರೌನ್, ಓಕ್ಲ್ಯಾಂಡ್‌ನ ಜೆರ್ರಿ ಬ್ರೌನ್, ಬಫಲೊದ ಬೈರನ್ ಬ್ರೌನ್, ಜ್ಯಾಕ್ಸನ್‌ವಿಲ್‌ನ ಆಲ್ವಿನ್ ಬ್ರೌನ್ ಮತ್ತು ಕಾಂಪ್ಟನ್‌ನ ಅಜಾ ಬ್ರೌನ್ ಇವರಲ್ಲಿ ಪ್ರಮುಖರು. ಹೆಸರು ಒಂದೇ ಆದರೂ ಇವರು ಒಂದೇ ಮನೆತನಕ್ಕೆ ಸೇರಿದವರಲ್ಲ.

ಈ ಆರು ಮಂದಿಯಲ್ಲಿ ನಾಲ್ವರು, ಅಂದರೆ ವಿಲ್ಲಿ, ಲೀ, ಬೈರನ್ ಮತ್ತು ಆಲ್ವಿನ್, ತಮ್ಮ ತಮ್ಮ ನಗರದ ಮೊದಲ ಆಫ್ರಿಕನ್-ಅಮೇರಿಕನ್ ಮೇಯರ್‌ಗಳು. ಜೆರ್ರಿ ಬ್ರೌನ್ ಕ್ಯಾಲಿಫೋರ್ನಿಯಾದ ಹೆಸರಾಂತ ಬಿಳಿಯ ರಾಜಕೀಯ ಕುಟುಂಬದಲ್ಲಿ ಜನಿಸಿದವರು. ಅಜಾ ಬ್ರೌನ್ ಅವರಿಗೆ ಈ ಉಪನಾಮ ವಿವಾಹದಿಂದ ಬಂದದ್ದು. ಹೀಗಾಗಿ ಈ ಮೇಯರ್‌ಗಳ ಹೆಸರಿನ ಹೋಲಿಕೆ ಕಾಕತಾಳೀಯವಾದರೂ, ಆ ಹೆಸರು ಅಷ್ಟೊಂದು ಸಾಮಾನ್ಯವಾದುದಕ್ಕೆ ಮತ್ತು ಒಬ್ಬೊಬ್ಬರಿಗೆ ಒಂದೊಂದು ದಾರಿಯಿಂದ ಬಂದುದಕ್ಕೆ ಐತಿಹಾಸಿಕ ಕಾರಣಗಳಿವೆ.

ಉಪನಾಮದ ಮೂಲ ಮತ್ತು ಹರಡುವಿಕೆ

'ಬ್ರೌನ್' ಎಂದರೆ ಕಂದು ಬಣ್ಣ. ಹಳೆಯ ಇಂಗ್ಲಿಷಿನ 'ಬ್ರೂನ್' ಎಂಬ ಪದದಿಂದ ಇದು ಬಂದಿದೆ. ಮಧ್ಯಯುಗದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಕೂದಲು, ಮೈಬಣ್ಣ ಅಥವಾ ಉಡುಪಿನ ಬಣ್ಣವನ್ನು ಆಧರಿಸಿ ವ್ಯಕ್ತಿಗಳಿಗೆ ಇಟ್ಟ ಅಡ್ಡಹೆಸರು ಕ್ರಮೇಣ ವಂಶಪಾರಂಪರ್ಯವಾಗಿ ಉಳಿಯಿತು. ಇಂತಹ ಅಡ್ಡಹೆಸರುಗಳು ಒಂದೇ ಕಡೆ ಹುಟ್ಟಿದವಲ್ಲ. ಊರೂರಿನಲ್ಲಿ ಪ್ರತ್ಯೇಕವಾಗಿ ಹುಟ್ಟಿದವು. ಆದ್ದರಿಂದ ಬ್ರೌನ್ ಎಂಬ ಹೆಸರಿನ ಎಲ್ಲರಿಗೂ ಒಬ್ಬ ಮೂಲಪುರುಷನಿಲ್ಲ. ಅಮೇರಿಕಕ್ಕೆ ವಲಸೆ ಬಂದ ಜರ್ಮನ್ನರಲ್ಲಿ ಹಲವರು 'ಬ್ರಾನ್' ಎಂಬ ತಮ್ಮ ಹೆಸರನ್ನು ಇಂಗ್ಲಿಷಿಗೆ ಹೊಂದಿಸಿ ಬ್ರೌನ್ ಎಂದು ಮಾಡಿಕೊಂಡದ್ದರಿಂದಲೂ ಈ ಹೆಸರಿನವರ ಸಂಖ್ಯೆ ಬೆಳೆಯಿತು.

2010ರ ಅಮೇರಿಕದ ಜನಗಣತಿಯ ಪ್ರಕಾರ ಸ್ಮಿತ್, ಜಾನ್ಸನ್ ಮತ್ತು ವಿಲಿಯಮ್ಸ್‌ಗಳ ನಂತರ ನಾಲ್ಕನೆಯ ಅತಿ ಸಾಮಾನ್ಯ ಉಪನಾಮ ಬ್ರೌನ್. ಈ ಹೆಸರಿನವರು 14 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಕಪ್ಪು ವರ್ಣೀಯರು. ದೇಶದ ಒಟ್ಟು ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರ ಪಾಲು ಸುಮಾರು 13 ಶೇಕಡ ಮಾತ್ರ. ಬ್ರೌನ್ ಎಂಬ ಹೆಸರಿನವರಲ್ಲಿ ಆ ಪಾಲು ಇಷ್ಟು ದೊಡ್ಡದಾಗಿರುವುದರ ಹಿಂದೆ ಗುಲಾಮಗಿರಿಯ ಇತಿಹಾಸವಿದೆ.

ಗುಲಾಮರಾಗಿದ್ದವರ ಉಪನಾಮಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಲಿಂಗ ಮತ್ತು ವರ್ಣವನ್ನು ನಮೂದಿಸಲಾಗುತ್ತಿತ್ತೇ ಹೊರತು ಸಾಮಾನ್ಯವಾಗಿ ಅವರ ಹೆಸರನ್ನು ಬರೆಯುತ್ತಿರಲಿಲ್ಲ. 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾದ ನಂತರ, 1870ರ ಜನಗಣತಿಯಲ್ಲಿ ದಕ್ಷಿಣದ ಲಕ್ಷಾಂತರ ಕುಟುಂಬಗಳ ಹೆಸರು ಮತ್ತು ಉಪನಾಮಗಳು ಮೊದಲ ಬಾರಿಗೆ ದಾಖಲಾದವು. ಕೆಲವರು ಕೊನೆಯ ಒಡೆಯನ ಉಪನಾಮವನ್ನು, ಕೆಲವರು ತಂದೆ ಅಥವಾ ಅಜ್ಜ ದುಡಿದಿದ್ದ ಹಿಂದಿನ ಒಡೆಯನ ಉಪನಾಮವನ್ನು ಉಳಿಸಿಕೊಂಡರು. ಇನ್ನು ಕೆಲವರು ಒಡೆಯರೊಡನೆ ಸಂಬಂಧವಿಲ್ಲದ ಹೆಸರನ್ನು ತಾವೇ ಆರಿಸಿಕೊಂಡರು. ತಮ್ಮೊಳಗೆ ಮೊದಲಿನಿಂದಲೂ ಉಪನಾಮ ಬಳಸುತ್ತಿದ್ದು, ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಬಹಿರಂಗಪಡಿಸಿದ ಕುಟುಂಬಗಳೂ ಇದ್ದವು. ಹೀಗೆ ಬ್ರೌನ್‌ನಂತಹ ಸಾಮಾನ್ಯ ಇಂಗ್ಲಿಷ್ ಹೆಸರುಗಳು ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಕಪ್ಪು ಕುಟುಂಬಗಳಿಗೆ ಬಂದವು.

ಮೇಯರ್ ಹುದ್ದೆಯ ಸ್ವರೂಪ

ಅಮೇರಿಕದ ಮೇಯರ್ ಹುದ್ದೆ ಭಾರತದ ಮಹಾನಗರ ಪಾಲಿಕೆಗಳ ಮೇಯರ್ ಹುದ್ದೆಗಿಂತ ಭಿನ್ನವಾದುದು. ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಮೇಯರ್‌ರನ್ನು ಪಾಲಿಕೆಯ ಸಭೆ ಆರಿಸುತ್ತದೆ ಮತ್ತು ದೈನಂದಿನ ಆಡಳಿತ ಆಯುಕ್ತರ ಕೈಯಲ್ಲಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ, ಹ್ಯೂಸ್ಟನ್, ಬಫಲೊ ಮತ್ತು ಜ್ಯಾಕ್ಸನ್‌ವಿಲ್‌ಗಳಲ್ಲಿ ಮೇಯರ್‌ರನ್ನು ಮತದಾರರು ನೇರವಾಗಿ ಆರಿಸುತ್ತಾರೆ. ಆಯವ್ಯಯ ಮಂಡನೆ, ಇಲಾಖಾ ಮುಖ್ಯಸ್ಥರ ನೇಮಕ ಮೊದಲಾದ ಕಾರ್ಯಾಂಗದ ಅಧಿಕಾರಗಳು ಅವರಿಗಿರುತ್ತವೆ. ಕಾಂಪ್ಟನ್‌ನಂತಹ ನಗರಗಳಲ್ಲಿ ಆಡಳಿತವನ್ನು ನೇಮಕಗೊಂಡ ನಗರ ವ್ಯವಸ್ಥಾಪಕರು ನಡೆಸುತ್ತಾರೆ ಮತ್ತು ಮೇಯರ್ ನಗರಸಭೆಯ ನಾಯಕರಾಗಿರುತ್ತಾರೆ. ಓಕ್ಲ್ಯಾಂಡ್ 1998ರವರೆಗೆ ಎರಡನೆಯ ಪದ್ಧತಿಯಲ್ಲಿತ್ತು.

ದೊಡ್ಡ ನಗರಗಳ ಈ ಹುದ್ದೆಗೆ ಕಪ್ಪು ವರ್ಣೀಯರು ಆಯ್ಕೆಯಾಗುವುದು 1960ರ ದಶಕದವರೆಗೆ ದೂರದ ಮಾತಾಗಿತ್ತು. 1965ರ ಮತದಾನ ಹಕ್ಕುಗಳ ಕಾಯ್ದೆ ಜಾರಿಯಾದ ಎರಡು ವರ್ಷಗಳ ನಂತರ, 1967ರಲ್ಲಿ, ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಲ್ ಸ್ಟೋಕ್ಸ್ ಮತ್ತು ಇಂಡಿಯಾನಾದ ಗ್ಯಾರಿಯಲ್ಲಿ ರಿಚರ್ಡ್ ಹ್ಯಾಚರ್ ಆಯ್ಕೆಯಾದರು. ಆ ಬಳಿಕ ಲಾಸ್ ಏಂಜಲೀಸ್, ಡೆಟ್ರಾಯಿಟ್, ಅಟ್ಲಾಂಟಾ, ಶಿಕಾಗೊ ಮತ್ತು ನ್ಯೂಯಾರ್ಕ್ ನಗರಗಳು ತಮ್ಮ ಮೊದಲ ಕಪ್ಪು ಮೇಯರ್‌ಗಳನ್ನು ಕಂಡವು. ಬ್ರೌನ್ ಉಪನಾಮದ ಮೇಯರ್‌ಗಳು ಈ ಸಾಲಿನಲ್ಲಿ ತಡವಾಗಿ ಬಂದವರು.

ವಿಲ್ಲಿ ಬ್ರೌನ್

ವಿಲ್ಲಿ ಲೂಯಿಸ್ ಬ್ರೌನ್ ಜೂನಿಯರ್ 1934ರ ಮಾರ್ಚ್ 20ರಂದು ಟೆಕ್ಸಾಸ್‌ನ ಮಿನಿಯೋಲಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಕಪ್ಪು ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದ ವರ್ಣಭೇದದ ಕಾಲವದು. 1951ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಅವರು ಅಲ್ಲಿಯೇ ಪದವಿ ಪಡೆದು, 1958ರಲ್ಲಿ ಕಾನೂನು ಪದವಿಯನ್ನೂ ಪೂರೈಸಿ ವಕೀಲರಾದರು. 1961ರಲ್ಲಿ ನಗರದ ಹೊಸ ಬಡಾವಣೆಯೊಂದರಲ್ಲಿ ಮಾರಾಟಕ್ಕಿದ್ದ ಮನೆಯನ್ನು ತೋರಿಸಲು ನಿರಾಕರಿಸಿದಾಗ ಅವರು ನಡೆಸಿದ ಧರಣಿ ಸಾರ್ವಜನಿಕರ ಗಮನ ಸೆಳೆಯಿತು.

1964ರಲ್ಲಿ ಕ್ಯಾಲಿಫೋರ್ನಿಯಾ ವಿಧಾನಸಭೆಗೆ ಆಯ್ಕೆಯಾದ ಅವರು ಮೂರು ದಶಕಗಳ ಕಾಲ ಸದಸ್ಯರಾಗಿದ್ದರು. 1980ರ ಡಿಸೆಂಬರ್‌ನಿಂದ 1995ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದ ಅವರು ಆ ಸ್ಥಾನದಲ್ಲಿ ಅತಿ ದೀರ್ಘಕಾಲ ಇದ್ದವರು. ಶಾಸಕರ ಅವಧಿಗೆ ಮಿತಿ ಹೇರುವ ಪ್ರಸ್ತಾವನೆಯನ್ನು ರಾಜ್ಯದ ಮತದಾರರು 1990ರಲ್ಲಿ ಅಂಗೀಕರಿಸಿದ್ದರಿಂದ ಅವರು ಶಾಸನಸಭೆ ಬಿಡಬೇಕಾಯಿತು. 1995ರ ಡಿಸೆಂಬರ್‌ನ ಅಂತಿಮ ಸುತ್ತಿನ ಚುನಾವಣೆಯಲ್ಲಿ ಅಂದಿನ ಮೇಯರ್ ಫ್ರಾಂಕ್ ಜೋರ್ಡಾನ್ ಅವರನ್ನು ಸೋಲಿಸಿ, 1996ರ ಜನವರಿ 8ರಂದು ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಆಗಿ ಅಧಿಕಾರ ಸ್ವೀಕರಿಸಿದರು.

1989ರ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ಹಾನಿಗೊಂಡಿದ್ದ ನಗರ ಸಭಾಭವನದ ಜೀರ್ಣೋದ್ಧಾರ ಅವರ ಅವಧಿಯಲ್ಲಿ ಮುಗಿದು, 1999ರ ಜನವರಿಯಲ್ಲಿ ಕಟ್ಟಡ ಪುನಃ ತೆರೆಯಿತು. ರೈಲ್ವೆ ಅಂಗಳಗಳಿದ್ದ ಮಿಷನ್ ಬೇ ಪ್ರದೇಶದಲ್ಲಿ ವೈದ್ಯಕೀಯ ವಿಶ್ವವಿದ್ಯಾಲಯದ ಹೊಸ ಆವರಣವೂ ವಸತಿಗಳೂ ಬಂದವು. ಅದೇ ಕಾಲದ ಅಂತರ್ಜಾಲ ಉದ್ಯಮದ ಭರಾಟೆಯಿಂದ ಬಾಡಿಗೆಗಳು ಏರಿ, ಹಳೆಯ ನಿವಾಸಿಗಳು ಹೊರಹೋಗಬೇಕಾಯಿತೆಂಬ ಆಕ್ಷೇಪ ಕೇಳಿಬಂತು. ಆಪ್ತರಿಗೆ ಹುದ್ದೆಗಳನ್ನು ನೀಡುತ್ತಾರೆಂಬ ಟೀಕೆಯೂ ಅವರ ಮೇಲಿತ್ತು. 1999ರ ಚುನಾವಣೆಯಲ್ಲಿ ಮತಪತ್ರದಲ್ಲಿ ಹೆಸರಿಲ್ಲದಿದ್ದ ಟಾಮ್ ಅಮಿಯಾನೊ, ಮತದಾರರು ಕೈಯಿಂದ ಬರೆದ ಮತಗಳ ಬಲದಿಂದಲೇ ಅಂತಿಮ ಸುತ್ತಿಗೆ ಬಂದು ಅವರಿಗೆ ಸ್ಪರ್ಧೆಯೊಡ್ಡಿದರು. ಆ ಸುತ್ತಿನಲ್ಲಿ ಬ್ರೌನ್ ಗೆದ್ದರು. 2004ರ ಜನವರಿ 8ರಂದು ಗ್ಯಾವಿನ್ ನ್ಯೂಸಮ್ ಅವರ ಉತ್ತರಾಧಿಕಾರಿಯಾದರು.

ಲೀ ಪಿ. ಬ್ರೌನ್

ಲೀ ಪ್ಯಾಟ್ರಿಕ್ ಬ್ರೌನ್ 1937ರ ಅಕ್ಟೋಬರ್ 4ರಂದು ಓಕ್ಲಹೋಮಾದ ವಿವೋಕಾದಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ಕುಟುಂಬ ಕೆಲಸ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಕೃಷಿ ಪ್ರದೇಶಕ್ಕೆ ವಲಸೆ ಬಂದಿತು. 1960ರಲ್ಲಿ ಸ್ಯಾನ್ ಹೋಸೆ ನಗರದ ಪೊಲೀಸ್ ಅಧಿಕಾರಿಯಾಗಿ ವೃತ್ತಿ ಆರಂಭಿಸಿದ ಅವರು ಓದನ್ನೂ ಮುಂದುವರಿಸಿ, 1970ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಅಪರಾಧಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

1978ರಿಂದ 1982ರವರೆಗೆ ಅಟ್ಲಾಂಟಾದ ಸಾರ್ವಜನಿಕ ಸುರಕ್ಷತಾ ಆಯುಕ್ತರಾಗಿದ್ದಾಗ, ಕಪ್ಪು ಮಕ್ಕಳ ಸರಣಿ ಕೊಲೆಗಳ ತನಿಖೆಯ ಹೊಣೆ ಅವರ ಇಲಾಖೆಯ ಮೇಲಿತ್ತು. 1982ರಲ್ಲಿ ಮೇಯರ್ ಕ್ಯಾಥಿ ವಿಟ್‌ಮೈರ್ ಅವರನ್ನು ಹ್ಯೂಸ್ಟನ್‌ನ ಪೊಲೀಸ್ ಮುಖ್ಯಸ್ಥರನ್ನಾಗಿ ನೇಮಿಸಿದರು. ಆ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯರಾಗಿ ಅವರು ನೆರೆಹೊರೆ ಆಧಾರಿತ ಪೊಲೀಸ್ ವ್ಯವಸ್ಥೆಯನ್ನು ಅಲ್ಲಿ ರೂಪಿಸಿದರು. ಠಾಣೆಯಲ್ಲಿ ಕುಳಿತು ದೂರಿಗಾಗಿ ಕಾಯುವ ಬದಲು, ಪೊಲೀಸರು ಬಡಾವಣೆಯ ನಿವಾಸಿಗಳೊಂದಿಗೆ ಸೇರಿ ಸಮಸ್ಯೆಗಳನ್ನು ಗುರುತಿಸಬೇಕೆಂಬುದು ಅದರ ತಿರುಳು. ಅನಂತರ ಅವರು 1990ರಿಂದ 1992ರವರೆಗೆ ನ್ಯೂಯಾರ್ಕ್ ನಗರದ ಪೊಲೀಸ್ ಆಯುಕ್ತರಾಗಿಯೂ, 1993ರಿಂದ 1995ರವರೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆಡಳಿತದಲ್ಲಿ ರಾಷ್ಟ್ರೀಯ ಮಾದಕದ್ರವ್ಯ ನಿಯಂತ್ರಣ ನೀತಿ ಕಛೇರಿಯ ನಿರ್ದೇಶಕರಾಗಿಯೂ ಕೆಲಸ ಮಾಡಿದರು.

1997ರ ಡಿಸೆಂಬರ್‌ನಲ್ಲಿ ರಾಬ್ ಮೋಸ್‌ಬ್ಯಾಕರ್ ಅವರನ್ನು ಸೋಲಿಸಿ ಹ್ಯೂಸ್ಟನ್‌ನ ಮೇಯರ್ ಆದ ಅವರು, ಎರಡು ವರ್ಷಗಳ ಮೂರು ಅವಧಿಗಳನ್ನು ಪೂರೈಸಿದರು. 2001ರ ಜೂನ್‌ನಲ್ಲಿ ಆಲಿಸನ್ ಚಂಡಮಾರುತದ ಮಳೆಯಿಂದ ನಗರದಲ್ಲಿ ಭೀಕರ ಪ್ರವಾಹ ಉಂಟಾಗಿ, ಟೆಕ್ಸಾಸ್ ಮೆಡಿಕಲ್ ಸೆಂಟರ್‌ನ ಆಸ್ಪತ್ರೆಗಳು ತೀವ್ರ ಹಾನಿಗೊಳಗಾದವು. ಅದೇ ವರ್ಷ ನಡೆದ ಚುನಾವಣೆಯ ಅಂತಿಮ ಸುತ್ತಿನಲ್ಲಿ ಒರ್ಲ್ಯಾಂಡೊ ಸ್ಯಾಂಚೆಜ್ ಅವರ ವಿರುದ್ಧ ಬ್ರೌನ್ ಅಲ್ಪ ಅಂತರದಿಂದ ಜಯ ಗಳಿಸಿದರು. ನಗರದ ಮೊದಲ ಲಘು ರೈಲು ಮಾರ್ಗ 2004ರ ಜನವರಿ 1ರಂದು, ಅವರ ಅವಧಿ ಮುಗಿಯುವ ಹಿಂದಿನ ದಿನ, ಉದ್ಘಾಟನೆಗೊಂಡಿತು.

ಜೆರ್ರಿ ಬ್ರೌನ್

ಎಡ್ಮಂಡ್ ಜೆರಾಲ್ಡ್ ಬ್ರೌನ್ ಜೂನಿಯರ್ 1938ರ ಏಪ್ರಿಲ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನಿಸಿದರು. ಐರಿಷ್ ಮತ್ತು ಜರ್ಮನ್ ಮೂಲದ ಕ್ಯಾಥೊಲಿಕ್ ಕುಟುಂಬ ಅವರದು. ತಂದೆ ಪ್ಯಾಟ್ ಬ್ರೌನ್ 1959ರಿಂದ 1967ರವರೆಗೆ ಕ್ಯಾಲಿಫೋರ್ನಿಯಾದ ರಾಜ್ಯಪಾಲರಾಗಿದ್ದರು. ಅಮೇರಿಕದಲ್ಲಿ ರಾಜ್ಯಪಾಲರು ಜನರಿಂದ ನೇರವಾಗಿ ಆಯ್ಕೆಯಾಗುವ ರಾಜ್ಯ ಸರ್ಕಾರದ ಮುಖ್ಯಸ್ಥರು. ಸಹೋದರಿ ಕ್ಯಾಥ್ಲೀನ್ ಬ್ರೌನ್ ರಾಜ್ಯದ ಖಜಾಂಚಿಯಾಗಿದ್ದರು. ಈ ಲೇಖನದಲ್ಲಿ ಚರ್ಚಿಸಿರುವ ಮೇಯರ್‌ಗಳ ಪೈಕಿ ಉಪನಾಮವೇ ರಾಜಕೀಯ ಬಂಡವಾಳವಾಗಿದ್ದವರು ಜೆರ್ರಿ ಬ್ರೌನ್ ಒಬ್ಬರೇ.

1975ರಿಂದ 1983ರವರೆಗೆ ತಾವೂ ರಾಜ್ಯಪಾಲರಾಗಿದ್ದ ಅವರು ಮೂರು ಬಾರಿ ರಾಷ್ಟ್ರಾಧ್ಯಕ್ಷ ಹುದ್ದೆಯ ಅಭ್ಯರ್ಥಿತನಕ್ಕೆ ಪ್ರಯತ್ನಿಸಿ ವಿಫಲರಾದರು. ಬಳಿಕ ಓಕ್ಲ್ಯಾಂಡ್‌ನಲ್ಲಿ ನೆಲೆಸಿ, 1998ರ ಜೂನ್‌ನಲ್ಲಿ ಹಲವು ಅಭ್ಯರ್ಥಿಗಳಿದ್ದ ಕಣದಲ್ಲಿ ಮೊದಲ ಸುತ್ತಿನಲ್ಲಿಯೇ ಬಹುಮತ ಪಡೆದು ಮೇಯರ್ ಆಗಿ ಆಯ್ಕೆಯಾದರು. ಓಕ್ಲ್ಯಾಂಡ್‌ಗೆ 1977ರಿಂದಲೂ ಕಪ್ಪು ಮೇಯರ್‌ಗಳಿದ್ದರು. ಹೀಗಾಗಿ ಅಲ್ಲಿ ಬ್ರೌನ್ ಎಂಬ ಹೆಸರಿನವರ ಆಯ್ಕೆ ಇತರ ನಗರಗಳಿಗಿಂತ ವಿರುದ್ಧ ದಿಕ್ಕಿನ ಬದಲಾವಣೆಯಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಮೇಯರ್‌ಗೆ ಕಾರ್ಯಾಂಗದ ಅಧಿಕಾರ ನೀಡುವ ತಿದ್ದುಪಡಿಯನ್ನು ಅನುಮೋದಿಸಿದರು. ನಗರದ ಕೇಂದ್ರಭಾಗಕ್ಕೆ 10,000 ನಿವಾಸಿಗಳನ್ನು ತರುವ ಯೋಜನೆ ಅವರ ಆಡಳಿತದ ಮುಖ್ಯ ಕಾರ್ಯಕ್ರಮ. ಸೈನಿಕ ಶಿಸ್ತಿನ ಒಂದು ಶಾಲೆಯನ್ನೂ ಕಲೆಗಳ ಒಂದು ಶಾಲೆಯನ್ನೂ ಅವರು ಸ್ಥಾಪಿಸಿದರು. ಹೊಸ ವಸತಿ ಸಮುಚ್ಚಯಗಳಿಂದ ಬಡ ನಿವಾಸಿಗಳು ಬದಿಗೆ ಸರಿಯುತ್ತಾರೆಂಬ ಟೀಕೆಯನ್ನು ಅವರೂ ಎದುರಿಸಿದರು. 2007ರ ಜನವರಿಯಲ್ಲಿ ರಾಜ್ಯದ ಅಟಾರ್ನಿ ಜನರಲ್ ಆದ ಅವರು, 2011ರಿಂದ 2019ರವರೆಗೆ ಪುನಃ ರಾಜ್ಯಪಾಲರಾಗಿದ್ದರು.

ಕೊಲ್ಲಿಯ ಎರಡು ದಡಗಳ ಬ್ರೌನ್‌ಗಳು

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲ್ಯಾಂಡ್ ಒಂದೇ ಕೊಲ್ಲಿಯ ಎದುರುಬದುರು ದಡಗಳಲ್ಲಿವೆ. 1999ರ ಜನವರಿಯಿಂದ 2004ರ ಜನವರಿಯವರೆಗೆ ಎರಡೂ ನಗರಗಳ ಮೇಯರ್‌ಗಳು ಬ್ರೌನ್ ಉಪನಾಮದವರೇ ಆಗಿದ್ದರು. ಇವರಿಬ್ಬರ ಪರಿಚಯ ಅದಕ್ಕಿಂತ ಹಳೆಯದು. ಒಪ್ಪಿಗೆಯಿಂದ ವಯಸ್ಕರು ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿದ ಕ್ಯಾಲಿಫೋರ್ನಿಯಾದ 1975ರ ಮಸೂದೆಯನ್ನು ಶಾಸಕರಾಗಿ ಮಂಡಿಸಿದವರು ವಿಲ್ಲಿ ಬ್ರೌನ್, ರಾಜ್ಯಪಾಲರಾಗಿ ಸಹಿ ಹಾಕಿದವರು ಜೆರ್ರಿ ಬ್ರೌನ್. 1980ರ ಕೊನೆಯಿಂದ 1983ರ ಆರಂಭದವರೆಗೆ ರಾಜ್ಯದ ರಾಜ್ಯಪಾಲರೂ ವಿಧಾನಸಭೆಯ ಸ್ಪೀಕರ್ ಅವರೂ ಬ್ರೌನ್‌ಗಳಾಗಿದ್ದರು. ಇಬ್ಬರಲ್ಲಿ ಯಾರೆಂಬ ಗೊಂದಲ ತಪ್ಪಿಸಲು 'ವಿಲ್ಲಿ', 'ಜೆರ್ರಿ' ಎಂದು ಮೊದಲ ಹೆಸರಿನಿಂದಲೇ ಕರೆಯುವುದು ರೂಢಿಯಾಯಿತು.

ಎರಡು ನಗರಗಳನ್ನು ಜೋಡಿಸುವ ಬೇ ಬ್ರಿಡ್ಜ್‌ನ ಪೂರ್ವಭಾಗ 1989ರ ಭೂಕಂಪದಲ್ಲಿ ಹಾನಿಗೊಂಡಾಗ ಅದರ ಬದಲಿಗೆ ಹೊಸ ಸೇತುವೆ ನಿರ್ಮಿಸಲು ರಾಜ್ಯ ನಿರ್ಧರಿಸಿತು. ಆ ಯೋಜನೆಗೆ ಇಬ್ಬರು ಮೇಯರ್‌ಗಳೂ ಆಕ್ಷೇಪ ಎತ್ತಿದರು, ಆದರೆ ಕಾರಣಗಳು ಬೇರೆಯಾಗಿದ್ದವು. ಜೆರ್ರಿ ಬ್ರೌನ್ ವಿನ್ಯಾಸವನ್ನು ಟೀಕಿಸಿದರೆ, ವಿಲ್ಲಿ ಬ್ರೌನ್ ಸೇತುವೆ ಹಾದುಹೋಗುವ ದ್ವೀಪದಲ್ಲಿನ ನಗರದ ಅಭಿವೃದ್ಧಿ ಯೋಜನೆಗೆ ಆ ಮಾರ್ಗ ತೊಡಕಾಗುತ್ತದೆಂದು ವಾದಿಸಿದರು. 2013ರಲ್ಲಿ ರಾಜ್ಯ ಶಾಸನಸಭೆ ಸೇತುವೆಯ ಪಶ್ಚಿಮ ಭಾಗಕ್ಕೆ ವಿಲ್ಲಿ ಬ್ರೌನ್ ಅವರ ಹೆಸರಿಡುವ ನಿರ್ಣಯ ಅಂಗೀಕರಿಸಿತು. ಆಗ ರಾಜ್ಯಪಾಲರಾಗಿದ್ದ ಜೆರ್ರಿ ಬ್ರೌನ್ ಸೇತುವೆಯ ಹಳೆಯ ಹೆಸರೇ ಇರಲೆಂಬ ಅಭಿಪ್ರಾಯ ಹೊಂದಿದ್ದರು. ಆದರೆ ಅಂತಹ ನಿರ್ಣಯಕ್ಕೆ ರಾಜ್ಯಪಾಲರ ಸಹಿ ಬೇಕಿರಲಿಲ್ಲ.

ಬೈರನ್ ಬ್ರೌನ್

ಬೈರನ್ ಬ್ರೌನ್ 1958ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ಜನಿಸಿದರು. ಓದಿಗಾಗಿ ಬಫಲೊಗೆ ಬಂದು ಅಲ್ಲಿಯೇ ನೆಲೆಸಿ, ನಗರಸಭೆಯ ಸದಸ್ಯರಾಗಿಯೂ ನಂತರ ನ್ಯೂಯಾರ್ಕ್ ರಾಜ್ಯದ ಸೆನೆಟ್ ಸದಸ್ಯರಾಗಿಯೂ ಕೆಲಸ ಮಾಡಿದರು. 2006ರ ಜನವರಿ 1ರಂದು ಬಫಲೊದ ಮೇಯರ್ ಆದರು.

2021ರ ಜೂನ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಅವರು ಇಂಡಿಯಾ ವಾಲ್ಟನ್ ಅವರಿಗೆ ಅನಿರೀಕ್ಷಿತವಾಗಿ ಸೋತರು. ನವೆಂಬರ್‌ನ ಮತಪತ್ರದಲ್ಲಿ ಅವರ ಹೆಸರಿಗೆ ಸ್ಥಳವಿರಲಿಲ್ಲ. ಆದರೂ ಕಣದಿಂದ ಹಿಂದೆ ಸರಿಯದೆ, ಮತಪತ್ರದ ಖಾಲಿ ಸ್ಥಳದಲ್ಲಿ ತಮ್ಮ ಹೆಸರನ್ನು ಬರೆಯುವಂತೆ ಮತದಾರರನ್ನು ಕೋರಿದರು. ಹೆಸರು ಅಚ್ಚೊತ್ತುವ ಮೊಹರುಗಳನ್ನು ಅವರ ಬೆಂಬಲಿಗರು ಮತದಾರರಿಗೆ ಹಂಚಿದರು. ಈ ಚುನಾವಣೆಯಲ್ಲಿ ಬ್ರೌನ್ ಸ್ಪಷ್ಟ ಅಂತರದಿಂದ ಗೆದ್ದು, ಬಫಲೊ ನಗರಕ್ಕೆ ಐದು ಬಾರಿ ಆಯ್ಕೆಯಾದ ಮೊದಲ ಮೇಯರ್ ಎನಿಸಿಕೊಂಡರು. ಕೈಬರಹದ ಮತಗಳು ಒಬ್ಬ ಬ್ರೌನ್‌ಗೆ 1999ರಲ್ಲಿ ಸವಾಲಾಗಿದ್ದರೆ, ಇನ್ನೊಬ್ಬ ಬ್ರೌನ್‌ಗೆ 2021ರಲ್ಲಿ ಅಧಿಕಾರ ಉಳಿಸಿಕೊಟ್ಟವು.

2022ರ ಮೇ 14ರಂದು ಬಫಲೊದ ಸೂಪರ್‌ಮಾರ್ಕೆಟ್ ಒಂದರಲ್ಲಿ ಜನಾಂಗ ದ್ವೇಷದಿಂದ ನಡೆದ ಗುಂಡಿನ ದಾಳಿಯಲ್ಲಿ ಹತ್ತು ಮಂದಿ ಕಪ್ಪು ವರ್ಣೀಯರು ಸಾವನ್ನಪ್ಪಿದರು. ನಗರದ ಕಪ್ಪು ನಿವಾಸಿಗಳು ಪೂರ್ವಭಾಗದಲ್ಲಿಯೇ ಕೇಂದ್ರೀಕೃತರಾಗಿರುವುದು ಮತ್ತು ಆ ಭಾಗದಲ್ಲಿ ದಿನಸಿ ಅಂಗಡಿಗಳ ಕೊರತೆ ಇರುವುದು ಈ ಘಟನೆಯ ನಂತರ ದೇಶದಾದ್ಯಂತ ಚರ್ಚೆಯಾಯಿತು. 2024ರ ಅಕ್ಟೋಬರ್‌ನಲ್ಲಿ ಬ್ರೌನ್ ಮೇಯರ್ ಹುದ್ದೆಗೆ ರಾಜೀನಾಮೆ ನೀಡಿದರು.

ಆಲ್ವಿನ್ ಬ್ರೌನ್ ಮತ್ತು ಅಜಾ ಬ್ರೌನ್

ಫ್ಲೋರಿಡಾದ ಜ್ಯಾಕ್ಸನ್‌ವಿಲ್ 1968ರಲ್ಲಿ ಡುವಾಲ್ ಕೌಂಟಿಯೊಂದಿಗೆ ಆಡಳಿತಾತ್ಮಕವಾಗಿ ವಿಲೀನಗೊಂಡ ವಿಸ್ತಾರವಾದ ನಗರ. ಕ್ಲಿಂಟನ್ ಆಡಳಿತದಲ್ಲಿ ನಗರ ನೀತಿಯ ಸಲಹೆಗಾರರಾಗಿ ಕೆಲಸ ಮಾಡಿದ್ದ ಆಲ್ವಿನ್ ಬ್ರೌನ್ 2011ರ ಮೇ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದ ಮೈಕ್ ಹೋಗನ್ ಅವರನ್ನು ಎರಡು ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಿಂದ ಸೋಲಿಸಿ ಮೇಯರ್ ಆದರು. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ಹೊರೆ ಅವರ ಅವಧಿಯ ಪ್ರಮುಖ ಸಮಸ್ಯೆಯಾಗಿತ್ತು. 2015ರಲ್ಲಿ ಲೆನ್ನಿ ಕರ್ರಿ ಎದುರು ಅವರು ಸೋತರು.

ಕ್ಯಾಲಿಫೋರ್ನಿಯಾದ ಕಾಂಪ್ಟನ್ ಲಾಸ್ ಏಂಜಲೀಸ್ ಕೌಂಟಿಯ ಸಣ್ಣ ನಗರ. ಅಲ್ಲಿ ಕಪ್ಪು ಮೇಯರ್‌ಗಳ ಪರಂಪರೆ 1969ರಲ್ಲಿಯೇ ಆರಂಭವಾಗಿತ್ತು. 2013ರಲ್ಲಿ ಮಾಜಿ ಮೇಯರ್ ಓಮರ್ ಬ್ರಾಡ್ಲಿ ಅವರನ್ನು ಸೋಲಿಸಿದ ಅಜಾ ಬ್ರೌನ್ ತಮ್ಮ 31ನೇ ವಯಸ್ಸಿನಲ್ಲಿ ಆ ನಗರದ ಅತಿ ಕಿರಿಯ ಮೇಯರ್ ಎನಿಸಿದರು. ನಗರ ಯೋಜನೆ ಅವರ ವೃತ್ತಿಕ್ಷೇತ್ರ. 2021ರವರೆಗೆ ಎರಡು ಅವಧಿಗೆ ಅವರು ಅಧಿಕಾರದಲ್ಲಿದ್ದರು.

ಅಮೇರಿಕದ ಹೊರಗೆ

ನ್ಯೂಜಿಲೆಂಡ್‌ನ ಆಕ್ಲೆಂಡ್ ಪ್ರದೇಶದ ಎಂಟು ಸ್ಥಳೀಯ ಸಂಸ್ಥೆಗಳನ್ನು 2010ರಲ್ಲಿ ವಿಲೀನಗೊಳಿಸಿ ಆಕ್ಲೆಂಡ್ ಕೌನ್ಸಿಲ್ ರಚಿಸಲಾಯಿತು. ಅದರ ಮೊದಲ ಮೇಯರ್ ಲೆನ್ ಬ್ರೌನ್. ಅದಕ್ಕೂ ಮೊದಲು ಅವರು ಮನುಕೌ ನಗರದ ಮೇಯರ್ ಆಗಿದ್ದರು. ನಗರದ ಮಧ್ಯಭಾಗದ ಅಡಿಯಲ್ಲಿ ಸಾಗುವ ರೈಲು ಮಾರ್ಗಕ್ಕಾಗಿ ಅವರು ಒತ್ತಾಯಿಸಿದ್ದರು. 2016ರಿಂದ 2022ರವರೆಗೆ ಫಿಲ್ ಗಾಫ್ ಮೇಯರ್ ಆಗಿದ್ದರು. 2022ರಲ್ಲಿ ಎಂಜಿನಿಯರ್ ವೇಯ್ನ್ ಬ್ರೌನ್ ಆಯ್ಕೆಯಾದರು. ಹೀಗೆ ಏಕೀಕೃತ ಆಕ್ಲೆಂಡ್‌ನ ಮೊದಲ ಮೂವರು ಮೇಯರ್‌ಗಳಲ್ಲಿ ಇಬ್ಬರ ಉಪನಾಮ ಬ್ರೌನ್. ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರ್ಯಾಂಪ್ಟನ್ ನಗರಕ್ಕೆ 2018ರಲ್ಲಿ ಪ್ಯಾಟ್ರಿಕ್ ಬ್ರೌನ್ ಮೇಯರ್ ಆಗಿ ಆಯ್ಕೆಯಾದರು.

ಕಾಕತಾಳೀಯತೆಯ ವಿವರಣೆ

ನಾಲ್ಕು ನಗರಗಳ ಮೊದಲ ಕಪ್ಪು ಮೇಯರ್‌ಗಳೂ ಬ್ರೌನ್‌ಗಳೇ ಎಂಬುದು ಮೊದಲ ನೋಟಕ್ಕೆ ಅಚ್ಚರಿಯೆನಿಸುತ್ತದೆ. 2010ರ ಜನಗಣತಿಯ ಅಂಕಿಅಂಶಗಳನ್ನು ಲೆಕ್ಕ ಹಾಕಿದರೆ ಅಮೇರಿಕದ ಕಪ್ಪು ವರ್ಣೀಯರಲ್ಲಿ ಸುಮಾರು 75 ಜನರಲ್ಲಿ ಒಬ್ಬರ ಉಪನಾಮ ಬ್ರೌನ್. 1967ರಿಂದೀಚೆಗೆ ಸಣ್ಣದು ದೊಡ್ಡದು ಎನ್ನದೆ ನೂರಾರು ನಗರಗಳು ಮೊದಲ ಕಪ್ಪು ಮೇಯರ್‌ರನ್ನು ಕಂಡಿರುವುದರಿಂದ, ಅವರಲ್ಲಿ ಕೆಲವರಾದರೂ ಬ್ರೌನ್‌ಗಳಾಗಿರುವುದು ಸಹಜ. ಹೋಲಿಕೆಗಳನ್ನು ಘಟನೆ ನಡೆದ ನಂತರ ಆಯ್ದು ನೋಡಿದಾಗ ಅವು ಇರುವುದಕ್ಕಿಂತ ಅಪರೂಪವಾಗಿ ಕಾಣುತ್ತವೆ.

ಇತರ ಸಾಮಾನ್ಯ ಉಪನಾಮಗಳಲ್ಲಿಯೂ ಇಂತಹ ಜೋಡಿಗಳಿವೆ. ಡೆಟ್ರಾಯಿಟ್‌ನ ಕೋಲ್ಮನ್ ಯಂಗ್ ಮತ್ತು ಅಟ್ಲಾಂಟಾದ ಆಂಡ್ರ್ಯೂ ಯಂಗ್ 1980ರ ದಶಕದಲ್ಲಿ ಏಕಕಾಲಕ್ಕೆ ಮೇಯರ್‌ಗಳಾಗಿದ್ದರು. 2023ರಲ್ಲಿ ಬ್ರ್ಯಾಂಡನ್ ಜಾನ್ಸನ್ ಶಿಕಾಗೊದ ಮೇಯರ್ ಆದಾಗ ಡಲ್ಲಾಸ್‌ನಲ್ಲಿ ಎರಿಕ್ ಜಾನ್ಸನ್ ಆ ಹುದ್ದೆಯಲ್ಲಿದ್ದರು. ಇವು ರಕ್ತಸಂಬಂಧವಿಲ್ಲದ ಹೋಲಿಕೆಗಳು. ಇದಕ್ಕೆ ವ್ಯತಿರಿಕ್ತವಾಗಿ ಶಿಕಾಗೊದಲ್ಲಿ ರಿಚರ್ಡ್ ಜೆ. ಡೇಲಿ 1955ರಿಂದ 1976ರವರೆಗೂ ಅವರ ಮಗ ರಿಚರ್ಡ್ ಎಂ. ಡೇಲಿ 1989ರಿಂದ 2011ರವರೆಗೂ ಮೇಯರ್‌ಗಳಾಗಿದ್ದುದು ವಂಶದ ಪ್ರಭಾವವಿದ್ದ ನಿದರ್ಶನ. ನ್ಯೂ ಆರ್ಲಿಯನ್ಸ್‌ನ ಮೂನ್ ಲ್ಯಾಂಡ್ರೂ ಮತ್ತು ಅವರ ಮಗ ಮಿಚ್ ಲ್ಯಾಂಡ್ರೂ ಕೂಡ ಇದೇ ಬಗೆಯವರು.

ಡೇಲಿ ಅಥವಾ ಜೆರ್ರಿ ಬ್ರೌನ್ ಅವರ ಉಪನಾಮ ಮತದಾರರಿಗೆ ಒಂದು ಕುಟುಂಬವನ್ನು ನೆನಪಿಸುತ್ತಿತ್ತು. ವಿಲ್ಲಿ, ಲೀ, ಬೈರನ್ ಮತ್ತು ಆಲ್ವಿನ್ ಅವರಿಗೆ ಆ ಅನುಕೂಲ ಇರಲಿಲ್ಲ. ಅವರು ಶಾಸನಸಭೆ, ಪೊಲೀಸ್ ಇಲಾಖೆ, ನಗರಸಭೆ ಮತ್ತು ಸರ್ಕಾರಿ ಸೇವೆಗಳಲ್ಲಿನ ತಮ್ಮ ಕೆಲಸದಿಂದಲೇ ಗುರುತಾಗಬೇಕಾಯಿತು. ಒಂದು ಕಾಲದಲ್ಲಿ ಜನಗಣತಿಯ ಪಟ್ಟಿಯಲ್ಲಿ ಕಪ್ಪು ಜನರಿಗೆ ಸಿಗದಿದ್ದ ಉಪನಾಮ, ಈ ನಾಲ್ವರ ಮೂಲಕ ನಾಲ್ಕು ನಗರಗಳ ಮೇಯರ್‌ಗಳ ಪಟ್ಟಿಯಲ್ಲಿ ಸೇರಿತು.

ಅಧಿಕಾರಾವಧಿಗಳು

ವಿಲ್ಲಿ ಬ್ರೌನ್, ಸ್ಯಾನ್ ಫ್ರಾನ್ಸಿಸ್ಕೊ: 1996–2004
ಲೀ ಪಿ. ಬ್ರೌನ್, ಹ್ಯೂಸ್ಟನ್: 1998–2004
ಜೆರ್ರಿ ಬ್ರೌನ್, ಓಕ್ಲ್ಯಾಂಡ್: 1999–2007
ಬೈರನ್ ಬ್ರೌನ್, ಬಫಲೊ: 2006–2024
ಲೆನ್ ಬ್ರೌನ್, ಆಕ್ಲೆಂಡ್: 2010–2016
ಆಲ್ವಿನ್ ಬ್ರೌನ್, ಜ್ಯಾಕ್ಸನ್‌ವಿಲ್: 2011–2015
ಅಜಾ ಬ್ರೌನ್, ಕಾಂಪ್ಟನ್: 2013–2021
ಪ್ಯಾಟ್ರಿಕ್ ಬ್ರೌನ್, ಬ್ರ್ಯಾಂಪ್ಟನ್: 2018ರಿಂದ
ವೇಯ್ನ್ ಬ್ರೌನ್, ಆಕ್ಲೆಂಡ್: 2022ರಿಂದ

1996ರ ಜನವರಿಯಿಂದ 2024ರ ಅಕ್ಟೋಬರ್‌ವರೆಗೆ ಅಮೇರಿಕದ ಈ ಆರು ನಗರಗಳಲ್ಲಿ ಯಾವುದಾದರೊಂದು ನಗರದ ಮೇಯರ್ ಸ್ಥಾನದಲ್ಲಿ ಬ್ರೌನ್ ಉಪನಾಮದ ವ್ಯಕ್ತಿಯೊಬ್ಬರು ನಿರಂತರವಾಗಿ ಇದ್ದರು. 1999ರ ಜನವರಿಯಿಂದ 2004ರ ಜನವರಿಯವರೆಗೂ, ಪುನಃ 2013ರಿಂದ 2015ರವರೆಗೂ ಇವುಗಳಲ್ಲಿ ಮೂರು ನಗರಗಳಿಗೆ ಏಕಕಾಲದಲ್ಲಿ ಬ್ರೌನ್ ಉಪನಾಮದ ಮೇಯರ್‌ಗಳಿದ್ದರು.